ಕೊಪ್ಪಳ ಜಿಲ್ಲೆಯನ್ನು ಯಾವ ಗೆರೆಯಿಂದ ಓದಬೇಕು?

ಜನವರಿಯಲ್ಲಿ ಒಮ್ಮೆ ಕುಷ್ಟಗಿಯಲ್ಲಿ ಬಸ್ಸು ಹತ್ತಿ ತಾವರಗೇರಾ, ಕನಕಗಿರಿ ಮೇಲೆ ಗಂಗಾವತಿಗೆ ಹೋಗಿ ನೋಡಿ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು. ಮುಕ್ಕಾಲು ದಾರಿ ಬರೀ ಕೆಂಪು ಮಸಾರಿ ನೆಲ, ಸಜ್ಜೆ ಕೊಯ್ದು ಬಿಟ್ಟ ಕೂಳೆ, ಬಂಡೆಗುಡ್ಡ, ಬೋರ್‌ವೆಲ್ ನಂಬಿ ಹಾಕಿದ ಅಲ್ಲೊಂದು ಇಲ್ಲೊಂದು ದಾಳಿಂಬೆ ತೋಟ. ಗಂಗಾವತಿ ಹತ್ತಿರ ಬಂದಂತೆ ಬಸ್ಸು ಒಂದು ದೊಡ್ಡ ಕಾಲುವೆ ದಾಟುತ್ತದೆ. ಅಷ್ಟೇ. ಅಲ್ಲಿಂದ ಆಚೆ ಎರಡೂ ಕಡೆ ನೀರು ನಿಂತ ಗದ್ದೆ, ಸಾಲಾಗಿ ಬಗ್ಗಿ ನಾಟಿ ಮಾಡುವ ಹೆಂಗಸರು, ಕೊಕ್ಕರೆಗಳು, ರೈಸ್ ಮಿಲ್ಲಿನ ಚಿಮಣಿ. ಜಿಲ್ಲೆ ಬದಲಾಗಿಲ್ಲ, ಜಿಲ್ಲಾಧಿಕಾರಿ ಇಬ್ಬರಿಗೂ ಒಬ್ಬರೇ. ಆದರೆ ಕಾಲುವೆಯ ಈಚೆಗಿನ ಹುಡುಗ ದುಡಿಯಲು ಬೆಂಗಳೂರಿಗೋ ಮಂಗಳೂರಿಗೋ ಹೋಗಿರುತ್ತಾನೆ, ಆಚೆಗಿನ ಗದ್ದೆಗೆ ಕೂಲಿಯವರು ಬೇರೆ ಊರಿಂದ ಟಂಟಂನಲ್ಲಿ ಬಂದಿಳಿಯುತ್ತಾರೆ.

ಜಿಲ್ಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಸ್ತೀರ್ಣ, ಜನಸಂಖ್ಯೆ, ತಾಲೂಕುಗಳು, ಪ್ರೇಕ್ಷಣೀಯ ಸ್ಥಳ ಅಂತ ಪಟ್ಟಿ ಕೊಟ್ಟು ಮುಗಿಸಿಬಿಡುತ್ತಾರೆ. ಪರೀಕ್ಷೆಗೆ ಓದುವವರಿಗೆ ಅದು ಸಾಕು. ಆದರೆ ಒಂದು ಜಿಲ್ಲೆ ಹೇಗೆ ನಡೆಯುತ್ತದೆ, ಅಲ್ಲಿನ ಜನ ಯಾಕೆ ಹಾಗಿದ್ದಾರೆ ಅಂತ ಗೊತ್ತಾಗಬೇಕಾದರೆ ಅದರ ಮೇಲೆ ಯಾರ್ಯಾರು ಯಾವಾಗ ಗೆರೆ ಎಳೆದರು ಅನ್ನುವುದನ್ನು ನೋಡಬೇಕು. ಕೊಪ್ಪಳದ ಮೇಲೆ ಅಂಥ ಗೆರೆಗಳು ಬಹಳ ಇವೆ, ಒಂದರ ಮೇಲೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಬಹಳಷ್ಟು ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ಆ ಪಟ್ಟಿಯನ್ನೂ ಮುಗಿಸಿಬಿಡೋಣ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 13,89,920. ನೂರಕ್ಕೆ 83ರಷ್ಟು ಜನ ಹಳ್ಳಿಗಳಲ್ಲಿದ್ದಾರೆ. ಸಾಕ್ಷರತೆ ನೂರಕ್ಕೆ 68. ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿದರೆ ನೂರಕ್ಕೆ 30ರಷ್ಟು. ವಿಸ್ತೀರ್ಣ ಸುಮಾರು ಐದೂವರೆ ಸಾವಿರ ಚದರ ಕಿಲೋಮೀಟರು. ಪಶ್ಚಿಮಕ್ಕೆ ಗದಗ, ಉತ್ತರಕ್ಕೆ ಬಾಗಲಕೋಟೆ, ಪೂರ್ವಕ್ಕೆ ರಾಯಚೂರು, ದಕ್ಷಿಣಕ್ಕೆ ತುಂಗಭದ್ರೆ. ಹೊಳೆ ದಾಟಿದರೆ ವಿಜಯನಗರ, ಬಳ್ಳಾರಿ.

ಮುಂಡರಗಿ ಮತ್ತು ಕೊಪ್ಪಳದ ನಡುವೆ

ಕೊಪ್ಪಳ ಊರು ಬಹಳ ಹಳೆಯದು. ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ, ಅಂದರೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. (ಉಳಿದವು ಕಿಸುವೊಳಲು, ಪುಲಿಗೆರೆ, ಒಂಕುಂದ.) ಆಗ ಅದು ಜೈನರ ದೊಡ್ಡ ತೀರ್ಥ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಆನೆಗೊಂದಿಯ ಕಥೆ ಎಲ್ಲರಿಗೂ ಗೊತ್ತೇ ಇದೆ, ಹಿರೇಬೆಣಕಲ್ಲಿನ ಕಲ್ಲುಮನೆಗಳಂತೂ (ಬೃಹತ್ ಶಿಲಾಯುಗದ ಸಮಾಧಿಗಳು) ಇವೆಲ್ಲಕ್ಕಿಂತ ಹಳೆಯವು. ಇದನ್ನೆಲ್ಲ ಹೇಳುತ್ತಾ ಹೋದರೆ ಈ ಲೇಖನ ಮುಗಿಯುವುದಿಲ್ಲ. ಇವತ್ತಿನ ಆಡಳಿತಕ್ಕೆ ಬೇಕಾದ ಕಥೆ ಶುರುವಾಗುವುದು 1800ರ ಆಚೀಚೆ.

ಟಿಪ್ಪು ಸತ್ತ ಮೇಲೆ ಈ ಭಾಗ ಹೈದರಾಬಾದಿನ ನಿಜಾಮನ ಪಾಲಿಗೆ ಗಟ್ಟಿಯಾಯಿತು. ಪಶ್ಚಿಮದ ಧಾರವಾಡ ಸೀಮೆ ಬ್ರಿಟಿಷರದ್ದಾಯಿತು, ಹೊಳೆಯಾಚೆಯ ಬಳ್ಳಾರಿಯೂ ಅವರದ್ದೇ. ಹೀಗಾಗಿ ಮುಂಡರಗಿ (ಈಗ ಗದಗ ಜಿಲ್ಲೆಯಲ್ಲಿದೆ) ಒಂದು ರಾಜ್ಯ, ನಲವತ್ತು ಚಿಲ್ಲರೆ ಕಿಲೋಮೀಟರು ದೂರದ ಕೊಪ್ಪಳ ಇನ್ನೊಂದು ರಾಜ್ಯ. ಭಾಷೆ ಒಂದೇ, ಬೆಳೆ ಒಂದೇ, ಹೆಣ್ಣು ಕೊಟ್ಟು ತರುವ ಮನೆತನಗಳೂ ಅವೇ. ಆದರೆ ನಡುವೆ ಗೆರೆ.

ಈ ಗೆರೆ ಎಷ್ಟು ಕೆಲಸ ಮಾಡಿದೆ ನೋಡಿ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದಾಗ ಹಮ್ಮಿಗೆ ಕೆಂಚನಗೌಡನ ಜೊತೆ ಗೆರೆ ದಾಟಿ ಬಂದು ಕೊಪ್ಪಳದ ಕೋಟೆ ಹಿಡಿದ. ಅಲ್ಲಿಯೇ ಹೋರಾಡುತ್ತಾ ಇಬ್ಬರೂ ಮಡಿದರು. ತೊಂಬತ್ತು ವರ್ಷ ಕಳೆದ ಮೇಲೆ ಅದೇ ಗೆರೆಯನ್ನು ಉಲ್ಟಾ ದಿಕ್ಕಿನಲ್ಲಿ ದಾಟಿದರು. 1947ರ ಆಗಸ್ಟ್ 15ಕ್ಕೆ ಮುಂಡರಗಿಗೆ ಸ್ವಾತಂತ್ರ್ಯ ಬಂತು, ಕೊಪ್ಪಳಕ್ಕೆ ಬರಲಿಲ್ಲ. ನಿಜಾಮನ ಪರವಾದ ರಜಾಕಾರರ ಪಡೆಯ ಕಾಟ ತಡೆಯಲಾರದೆ ಈ ಕಡೆಯ ಹೋರಾಟಗಾರರು ಗಡಿಯಾಚೆ ಶಿಬಿರ ಮಾಡಿಕೊಂಡರು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಅವರು ಆಮೇಲೆ ಮೊದಲ ಲೋಕಸಭೆಗೆ ಗೆದ್ದರು. ಹೈದರಾಬಾದ್ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ, ಅಂದರೆ ಹದಿಮೂರು ತಿಂಗಳು ತಡವಾಗಿ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಸ್ವಾತಂತ್ರ್ಯದ ಧ್ವಜ ಹಾರುತ್ತದೆ, ಆಗಸ್ಟಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ. ಹಳೇ ಮೈಸೂರಿನ ಗೆಳೆಯರಿಗೆ ಇದನ್ನು ಹೇಳಿದರೆ ಈಗಲೂ ಹೌದಾ ಅಂತ ಆಶ್ಚರ್ಯ ಪಡುತ್ತಾರೆ.

ನಿಜಾಮನ ಒಳಗೂ ಎಲ್ಲ ಒಂದೇ ಥರ ಇರಲಿಲ್ಲ. ಗಂಗಾವತಿ, ಕುಷ್ಟಗಿ ತಾಲೂಕುಗಳು ಸರ್ಕಾರದ ನೇರ ಆಡಳಿತದಲ್ಲಿದ್ದವು, ಮೊದಲು ಲಿಂಗಸುಗೂರು ಜಿಲ್ಲೆಯಲ್ಲಿ, 1905ರಲ್ಲಿ ಆ ಜಿಲ್ಲೆಯನ್ನೇ ರದ್ದು ಮಾಡಿದ ಮೇಲೆ ರಾಯಚೂರಿನಲ್ಲಿ. ಹೌದು, ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರ. ಜಿಲ್ಲೆ ಹುಟ್ಟುವ ಹಾಗೆ ಸಾಯುವುದೂ ಉಂಟು. ಕೊಪ್ಪಳ ಮತ್ತು ಯಲಬುರ್ಗಾ ಮಾತ್ರ ಸಾಲಾರ್ ಜಂಗ್ ಮನೆತನದ ಜಾಗೀರು. ಅದೇ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಇದೆಯಲ್ಲ, ಆ ಮನೆತನ. ಪ್ರವಾಸಕ್ಕೆ ಹೋದಾಗ ಅಲ್ಲಿನ ಗಡಿಯಾರ, ಮುಸುಕು ಹೊದ್ದ ಅಮೃತಶಿಲೆಯ ಪ್ರತಿಮೆ ನೋಡಿ ಬೆರಗಾಗುತ್ತೇವೆ, ಆದರೆ ಆ ಮನೆಯ ಖಜಾನೆಗೆ ನಮ್ಮ ಯಲಬುರ್ಗಾದ ಎರೆಹೊಲದ ಕಂದಾಯವೂ ಹೋಗುತ್ತಿತ್ತು ಅಂತ ಯಾರಿಗೂ ಹೊಳೆಯುವುದಿಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು.

ಆ ಕಾಲ ಹೋದರೂ ಅದರ ಗುರುತು ಜನರ ಹೆಸರಿನಲ್ಲಿದೆ. ಇಲ್ಲಿ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆಯಿರಿ, ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಅಂತ ಅಡ್ಡಹೆಸರು ಕಾಣುತ್ತವೆ. ಇವು ಒಂದು ಕಾಲದ ಹುದ್ದೆಗಳು. ಊರಿನ ಕಂದಾಯ ವಸೂಲಿ ನೋಡುವವನು ಮಾಲಿಪಾಟೀಲ, ಕಾವಲು ಮತ್ತು ಕಳ್ಳಕಾಕರ ವಿಷಯ ನೋಡುವವನು ಪೊಲೀಸ್ ಪಾಟೀಲ, ಲೆಕ್ಕ ಬರೆಯುವವನು ಕುಲಕರ್ಣಿ. ಅಪ್ಪನಿಂದ ಮಗನಿಗೆ ಬರುತ್ತಿದ್ದವು. 1961ರ ಕಾಯಿದೆ 1963ರಲ್ಲಿ ಜಾರಿಯಾದಾಗ ಈ ವಂಶದ ಹುದ್ದೆಗಳು ಹೋದವು, ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು, ಊರಿನವರು ಮಾತ್ರ ಇನ್ನೂ ತಲಾಟಿ ಅಂತಲೇ ಕರೆಯುತ್ತಾರೆ. ಕೆಲಸ ಹೋಗಿ ಅರವತ್ತು ವರ್ಷವಾದರೂ ಊರಿನ ಜಗಳ ಬಗೆಹರಿಸಲು ಮೊದಲು ಗೌಡರ ಕಟ್ಟೆಗೇ ಹೋಗುವ ಊರುಗಳೂ ಇಲ್ಲದಿಲ್ಲ.

1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಜೊತೆ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಗಡಿ ಅಳಿಯಿತು ಅಂದುಕೊಂಡರು. ಆದರೆ ಹೈದರಾಬಾದಿನಲ್ಲಿ ಉರ್ದುವಿನಲ್ಲಿ ನಡೆದ ಕಚೇರಿ, ಉರ್ದುವಿನಲ್ಲಿ ಕಲಿಸಿದ ಶಾಲೆ, ಕೈಬೆರಳೆಣಿಕೆಯ ಹೈಸ್ಕೂಲು, ಇದರಿಂದ ಆದ ಹಿಂದುಳಿದಿರುವಿಕೆ ಸುಮ್ನೆ ಸಹಿ ಹಾಕಿದ ಮಾತ್ರಕ್ಕೆ ಹೋಗುತ್ತದೆಯೇ? ಅದನ್ನು ಒಪ್ಪಿಕೊಳ್ಳಲು ದೇಶಕ್ಕೆ 2012ರವರೆಗೆ ಬೇಕಾಯಿತು. ಆ ವರ್ಷದ ಕೊನೆಗೆ ಸಂಸತ್ತು 98ನೇ ತಿದ್ದುಪಡಿ ಒಪ್ಪಿತು, ಸಂವಿಧಾನಕ್ಕೆ 371 (ಜೆ) ಸೇರಿತು. ಕಲ್ಯಾಣ ಕರ್ನಾಟಕ ಅಂತ ಈಗ ಕರೆಯುವ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ದರ್ಜೆ ನೋಡಿಕೊಂಡು ನೂರಕ್ಕೆ 75ರಿಂದ 85ರವರೆಗೆ ಮೀಸಲು, ಇಲ್ಲಿನ ಕಾಲೇಜು ಸೀಟುಗಳಲ್ಲಿ 70, ರಾಜ್ಯದ ಉಳಿದ ಕಡೆ 8. ಅಭಿವೃದ್ಧಿಗೆ ಬೇರೆ ಮಂಡಳಿ, ಅದರ ಕಚೇರಿ ಕಲಬುರಗಿಯಲ್ಲಿ.

ಈಗ ಮತ್ತೆ ಮುಂಡರಗಿ ನೆನಪಿಸಿಕೊಳ್ಳಿ. ಕೊಪ್ಪಳ ತಾಲೂಕಿನ ಕೊನೆಯ ಹಳ್ಳಿಯ ಹುಡುಗಿಗೆ ಈ ಮೀಸಲಾತಿ ಇದೆ, ಗೆರೆಯಾಚೆಯ ಮೊದಲ ಹಳ್ಳಿಯ ಅವಳ ಸೋದರಮಾವನ ಮಗಳಿಗೆ ಇಲ್ಲ. ಇಬ್ಬರ ಹೊಲವೂ ಮಳೆ ನಂಬಿದ್ದೇ. ಅದೇ ಹೊತ್ತಿಗೆ ನಿಜಾಮನ ಆಳ್ವಿಕೆಯನ್ನೇ 1800ರಿಂದ ಈಚೆಗೆ ಕಾಣದ ಬಳ್ಳಾರಿ ಈ ಪಟ್ಟಿಯಲ್ಲಿದೆ! ತಪ್ಪು ಅಂತ ಹೇಳುತ್ತಿಲ್ಲ. ಆದರೆ ಇತಿಹಾಸದ ಗೆರೆ ಹಿಡಿದು ಕೊಡುವ ಸೌಲಭ್ಯ ಎಲ್ಲಿಯೋ ಒಂದು ಕಡೆ ಹೀಗೆ ಅಡ್ಡಾದಿಡ್ಡಿ ಆಗಿಯೇ ಆಗುತ್ತದೆ.

1997

ಯಲಬುರ್ಗಾದ ರೈತನಿಗೆ ರಾಯಚೂರಿನ ಡಿಸಿ ಆಫೀಸು ನೂರೈವತ್ತು ಕಿಲೋಮೀಟರಿಗೂ ದೂರ. ಹೋಗಿ, ಸಾಹೇಬರು ಇಲ್ಲ ಅನ್ನಿಸಿಕೊಂಡು, ಬರುವುದರಲ್ಲಿ ಎರಡು ದಿನ ಕಳೆಯುತ್ತಿತ್ತು. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ 1997ರಲ್ಲಿ ಏಳು ಹೊಸ ಜಿಲ್ಲೆ ಮಾಡಿದರು, ಕೊಪ್ಪಳ, ಗದಗ, ಹಾವೇರಿ, ಬಾಗಲಕೋಟೆ, ದಾವಣಗೆರೆ, ಉಡುಪಿ, ಚಾಮರಾಜನಗರ. ಕೊಪ್ಪಳಕ್ಕೆ ಆಗ ನಾಲ್ಕು ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಜನವಸತಿ, ವ್ಯಾಪಾರ, ದುಡ್ಡು ಲೆಕ್ಕ ಹಾಕಿದರೆ ಗಂಗಾವತಿ ದೊಡ್ಡದು, ಆದರೆ ಕಚೇರಿ ಬಂದದ್ದು ಕೊಪ್ಪಳಕ್ಕೆ. ಈ ಬಗ್ಗೆ ಗಂಗಾವತಿಯವರ ಮುಂದೆ ಮಾತು ತೆಗೆದರೆ ಚಹಾ ಆರುತ್ತದೆ, ಮಾತು ಮುಗಿಯುವುದಿಲ್ಲ.

ಸುಮಾರು 2018ರ ಹೊತ್ತಿಗೆ ಮೂರು ಹೊಸ ತಾಲೂಕು ಬಂದವು. ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ. ಈಗ ಒಟ್ಟು ಏಳು. ಆದರೆ ಹೊಸ ತಾಲೂಕು ಅಂದ ತಕ್ಷಣ ಎಲ್ಲ ಇಲಾಖೆಯೂ ಗಂಟು ಕಟ್ಟಿಕೊಂಡು ಹೊಸ ಊರಿಗೆ ಬರುವುದಿಲ್ಲ. ತಹಸೀಲ್ದಾರ್ ಬಂದರೂ ಒಂದೊಂದು ಇಲಾಖೆ ಹಳೇ ಊರಿನಲ್ಲೇ ಉಳಿದಿರುತ್ತದೆ. ನಮ್ಮ ಮನೆಯ ಒಂದು ವಾರಸಾ ಅರ್ಜಿ ಹಳೇ ತಾಲೂಕು, ಹೊಸ ತಾಲೂಕು ಅಂತ ಆರು ತಿಂಗಳು ಅಲೆದಾಡಿತು. ಇವರು ಫೈಲ್ ಅಲ್ಲಿಗೆ ಕಳಿಸಿದ್ದೇವೆ ಅನ್ನೋರು, ಅವರು ಇನ್ನೂ ಬಂದಿಲ್ಲ ಅನ್ನೋರು. ಎರಡೂ ನಿಜವೇ ಇರಬಹುದು, ನಡುವೆ ಇದ್ದದ್ದು ಬರೀ ಇಪ್ಪತ್ತು ನಿಮಿಷದ ದಾರಿ.

ಎರಡು ಏಣಿ

ಜಿಲ್ಲೆಯ ಆಡಳಿತ ಅಂದರೆ ಡಿಸಿ ಎಲ್ಲರ ಮೇಲೆ, ಕೆಳಗೆ ಉಳಿದವರು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಎರಡು ಏಣಿಗಳಿವೆ, ಅಕ್ಕಪಕ್ಕ ನಿಂತಿವೆ.

ಮೊದಲನೆಯದು ಕಂದಾಯದ ಏಣಿ, ರಾಜರ ಕಾಲದಿಂದಲೂ ಇರುವುದು. ಮೇಲೆ ಜಿಲ್ಲಾಧಿಕಾರಿ, ಅವರ ಕೆಳಗೆ ಉಪವಿಭಾಗಾಧಿಕಾರಿ, ಆಮೇಲೆ ತಾಲೂಕಿಗೊಬ್ಬ ತಹಸೀಲ್ದಾರ್, ಹೋಬಳಿಗೆ ನಾಡಕಚೇರಿ ಮತ್ತು ಕಂದಾಯ ನಿರೀಕ್ಷಕ, ಕೊನೆಗೆ ಊರಿನ ತಲಾಟಿ. ಹೊಲದ ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ಬೆಳೆ ಹಾನಿ ಪರಿಹಾರ, ಚುನಾವಣೆ ನಡೆಸುವುದು, ಗಲಾಟೆಯಾದರೆ ನಿಷೇಧಾಜ್ಞೆ, ಇದೆಲ್ಲ ಈ ಕಡೆ. ಪೊಲೀಸರಿಗೆ ಎಸ್‌ಪಿ ಬೇರೆ ಇದ್ದಾರೆ.

ಎರಡನೆಯದು ಪಂಚಾಯಿತಿ ಏಣಿ. ಮೇಲೆ ಜಿಲ್ಲಾ ಪಂಚಾಯಿತಿಯ ಸಿಇಒ, ತಾಲೂಕಿನಲ್ಲಿ ಇಒ, ಊರಲ್ಲಿ ಪಿಡಿಒ. ಕುಡಿಯುವ ನೀರು, ಬೀದಿ ದೀಪ, ಮನೆ ತೆರಿಗೆ, ಶಾಲೆ ಕಟ್ಟಡ, ಅಂಗನವಾಡಿ, ಖಾತ್ರಿ ಕೆಲಸ ಈ ಕಡೆ. ಸಿಇಒ ಕೂಡ ಐಎಎಸ್ ದರ್ಜೆಯವರೇ, ಡಿಸಿಯ ಸಹಾಯಕರಲ್ಲ.

ಜನ ಒದ್ದಾಡುವುದು ಎಲ್ಲಿ ಅಂದರೆ, ಜಾಗದ ವಿಷಯದಲ್ಲಿ. ನಿಮ್ಮದು ಹೊಲವಾದರೆ ಅದರ ದಾಖಲೆ ಪಹಣಿ, ಅದು ತಹಸೀಲ್ದಾರ್ ಕೈಯಲ್ಲಿ. ಊರೊಳಗಿನ ಮನೆ ಜಾಗವಾದರೆ ಅದರ ದಾಖಲೆ ಇ-ಸ್ವತ್ತು, ಅದು ಗ್ರಾಮ ಪಂಚಾಯಿತಿ ಕೈಯಲ್ಲಿ. ಹೊಲದಲ್ಲಿ ಮನೆ ಕಟ್ಟಿದರೆ? ಆ ಹೊಲ ಎನ್‌ಎ, ಅಂದರೆ ಕೃಷಿಯೇತರ ಜಮೀನು, ಆಗುವವರೆಗೆ ಪಂಚಾಯಿತಿಯವರು ಅದನ್ನು ಸಕ್ರಮ ಮನೆ ಅಂತ ಒಪ್ಪುವುದಿಲ್ಲ, ಕಂದಾಯದವರಿಗೆ ಅದು ಇನ್ನೂ ಹೊಲವೇ. ಊರ ಅಂಚಿಗೆ ಮನೆ ಕಟ್ಟಿಕೊಂಡ ಸಾವಿರಾರು ಜನ ಈ ಎರಡು ಏಣಿಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಕೊಪ್ಪಳದಲ್ಲಿ ಮಾತ್ರವಲ್ಲ, ರಾಜ್ಯದ ಎಲ್ಲ ಕಡೆ ಇದೇ ಪಾಡು.

ಪಂಚಾಯಿತಿ ಏಣಿಯಲ್ಲಿ ಇನ್ನೊಂದು ಮುಖ್ಯ ಮೆಟ್ಟಿಲು ಮುರಿದಿದೆ. ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ ಜನ ಆರಿಸಿದ ಸದಸ್ಯರು ಇರಬೇಕು. 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆ ಮುಂದೂಡಿ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಅಂದರೆ ಊರಿನ ಗ್ರಾಮ ಪಂಚಾಯಿತಿ ಸದಸ್ಯ ಮತ್ತು ಎಂಎಲ್‌ಎ, ಇವರಿಬ್ಬರ ನಡುವೆ ಕೇಳುವ ಜನಪ್ರತಿನಿಧಿಯೇ ಇಲ್ಲ. ಒಂದು ಕಲ್ವರ್ಟಿಗೂ ಎಂಎಲ್‌ಎ ಮನೆ ಮುಂದೆ ನಿಲ್ಲುವ ರೂಢಿ ಬೆಳೆದದ್ದು ಹೀಗೆಯೇ. ನನ್ನ ಪ್ರಕಾರ ಇದು ಜಿಲ್ಲೆ ಚಿಕ್ಕದು ಮಾಡಿದ ಲಾಭವನ್ನೇ ತಿಂದುಹಾಕಿದೆ.

ಇನ್ನು ಎಂಎಲ್‌ಎ, ಎಂಪಿಗಳ ನಕ್ಷೆ ಬೇರೆಯೇ. ತಾಲೂಕು ಏಳು, ಎಂಎಲ್‌ಎಗಳು ಐದೇ. ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕೂಡ ಸೇರಿವೆ. ಕುಕನೂರಿನ ಒಬ್ಬ ರೈತನನ್ನು ತೆಗೆದುಕೊಳ್ಳಿ. ಅವನ ತಹಸೀಲ್ದಾರ್ ಕುಕನೂರಿನಲ್ಲಿ, ಎಂಎಲ್‌ಎ ಯಲಬುರ್ಗಾ ಕ್ಷೇತ್ರದವರು, ಡಿಸಿ ಕೊಪ್ಪಳದಲ್ಲಿ, ಡಿಸಿಯ ಮೇಲಿನ ಪ್ರಾದೇಶಿಕ ಆಯುಕ್ತರು ಕಲಬುರಗಿಯಲ್ಲಿ, ಕರೆಂಟ್ ಕಂಪನಿ ಜೆಸ್ಕಾಂನ ಮುಖ್ಯ ಕಚೇರಿಯೂ ಕಲಬುರಗಿಯಲ್ಲಿ, ಆದರೆ ಹೈಕೋರ್ಟಿಗೆ ಹೋಗಬೇಕಾದರೆ ಧಾರವಾಡ ಪೀಠ, ರೈಲ್ವೆ ವಿಭಾಗ ಹುಬ್ಬಳ್ಳಿ. ಒಬ್ಬ ಮನುಷ್ಯ, ಎಷ್ಟು ದಿಕ್ಕು!

ಎಲ್ಲಕ್ಕಿಂತ ಗಟ್ಟಿ ಗೆರೆ

ಇಷ್ಟೆಲ್ಲ ಹೇಳಿದ ಮೇಲೂ, ಕೊಪ್ಪಳದಲ್ಲಿ ಒಬ್ಬರ ಬದುಕು ಹೇಗಿದೆ ಅಂತ ಊಹಿಸಲು ತಾಲೂಕು ಕೇಳುವುದಕ್ಕಿಂತ ಕಾಲುವೆಯ ಯಾವ ಕಡೆ ಅಂತ ಕೇಳುವುದು ಮೇಲು.

ತುಂಗಭದ್ರಾ ಅಣೆಕಟ್ಟಿಗೆ ಒಂದು ವಿಶೇಷವಿದೆ. 1945ರ ಫೆಬ್ರವರಿ 28ರಂದು ಅದಕ್ಕೆ ಎರಡು ದಡದಲ್ಲೂ ಅಡಿಗಲ್ಲು ಇಟ್ಟರು, ಈ ಕಡೆ ಹೈದರಾಬಾದಿನ ಯುವರಾಜ, ಆ ಕಡೆ ಮದ್ರಾಸ್ ಗವರ್ನರ್. ಹೊಳೆಯೇ ಎರಡು ಸರ್ಕಾರಗಳ ಗಡಿಯಾಗಿತ್ತಲ್ಲ, ಅದಕ್ಕೆ. ನಮ್ಮ ದಡದ ಊರು ಮುನಿರಾಬಾದ್. 1953ರಲ್ಲಿ ನೀರು ಬಿಟ್ಟರು. ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ ಮೇಲೆ ರಾಯಚೂರು ಜಿಲ್ಲೆಗೆ ಹೋಗುತ್ತದೆ, ಒಟ್ಟು 227 ಕಿಲೋಮೀಟರು. ಕಟ್ಟುವಾಗ ಹಿನ್ನೀರಿನಲ್ಲಿ ಹತ್ತಾರು ಹಳ್ಳಿ ಮುಳುಗಿದವು.

ಕಾಲುವೆ ಮಾಡಿದ್ದು ಭತ್ತಕ್ಕೆ ಅಲ್ಲ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಬರಗಾಲದ ಸೀಮೆ, ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾ ಉಳಿಸಬೇಕು ಅನ್ನುವುದು ಲೆಕ್ಕ. ಭತ್ತಕ್ಕೆ ಒಂದಿಷ್ಟು ಭಾಗ ಮಾತ್ರ. ಆದರೆ ಇಲ್ಲಿನ ಒಣಬೇಸಾಯದ ರೈತನಿಗೆ ಕಾಲುವೆ ನೀರಿನ ಅನುಭವವಿರಲಿಲ್ಲ, ಹೊಲ ಸಮ ಮಾಡಿಸಲು ದುಡ್ಡೂ ಇರಲಿಲ್ಲ. ಆ ಹೊತ್ತಿಗೆ ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ ಸೀಮೆಯ ರೈತರು ಬಂದರು. ಅಲ್ಲಿ ಒಂದು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಕಾಲುವೆ ಗುಂಟ ಕ್ಯಾಂಪು ಹಾಕಿಕೊಂಡರು, ಕ್ಯಾಂಪು ಊರಾದವು. ಗಂಗಾವತಿ ಹತ್ತಿರದ ಶ್ರೀರಾಮನಗರದಲ್ಲಿ ನಿಂತರೆ ಅಂಗಡಿ ಮಾತು ತೆಲುಗು, ಶಾಲೆ ಕನ್ನಡ, ಮೂರನೇ ತಲೆಮಾರಿನ ಹುಡುಗರು ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುತ್ತಾರೆ. ಭತ್ತ ಬೆಳೆಯುವುದನ್ನು ಈ ಸೀಮೆಗೆ ಕಲಿಸಿದವರು ಅವರು. ಭೂಮಿ ಸ್ಥಳೀಯರ ಕೈಬಿಟ್ಟು ಹೋದದ್ದೂ ಅದೇ ಹೊತ್ತಿಗೆ. ಎರಡೂ ನಿಜ, ಒಂದನ್ನೇ ಹೇಳಿದರೆ ಅರ್ಧ ಕಥೆಯಾಗುತ್ತದೆ.

ಮೇಲ್ಭಾಗದಲ್ಲಿ ಎಲ್ಲರೂ ಭತ್ತ ಹಾಕಿದರೆ ಕೆಳಗಿನವರಿಗೆ ನೀರು ಎಲ್ಲಿಂದ? ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರು ಪ್ರತಿ ವರ್ಷ ರಸ್ತೆಗೆ ಇಳಿಯುವುದು ಇದಕ್ಕೇ. ಹೂಳಿನ ಕಥೆ ಬೇರೆ: 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸು ಹಿಡಿಯುತ್ತದೆ. ಕಳೆದುಹೋದ ನೀರು ಹಿಡಿಯಲು ಕನಕಗಿರಿ ತಾಲೂಕಿನ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಮಾತು ಎಷ್ಟೋ ಬಜೆಟ್‌ಗಳಿಂದ ನಡೆದಿದೆ. ಅದಕ್ಕೆ ಆಂಧ್ರ, ತೆಲಂಗಾಣ ಒಪ್ಪಬೇಕು.

ಮತ್ತೆ ಆಡಳಿತಕ್ಕೆ ಬನ್ನಿ. ಈ ನೀರು ಯಾರ ಕೈಯಲ್ಲಿದೆ? ಡಿಸಿ ಕೈಯಲ್ಲಿ ಅಲ್ಲ. ಅಣೆಕಟ್ಟು ತುಂಗಭದ್ರಾ ಮಂಡಳಿಯದ್ದು, ಅದು ಅಂತರರಾಜ್ಯ ಸಂಸ್ಥೆ, ಕಚೇರಿ ಹೊಸಪೇಟೆಯಲ್ಲಿ. ಎಡದಂಡೆ ಕಾಲುವೆ ರಾಜ್ಯದ ನೀರಾವರಿಯವರದ್ದು, ಕಚೇರಿ ಮುನಿರಾಬಾದಿನಲ್ಲಿ. ಯಾವ ದಿನ ನೀರು ಬಿಡಬೇಕು, ಎಷ್ಟು ದಿನ, ಎರಡನೇ ಬೆಳೆಗೆ ಉಂಟೋ ಇಲ್ಲವೋ ಅಂತ ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ, ಎಲ್ಲರೂ ಐಸಿಸಿ ಅನ್ನುತ್ತಾರೆ, ಅದರಲ್ಲಿ ಮಂತ್ರಿಗಳು, ಶಾಸಕರು, ಅಧಿಕಾರಿಗಳು ಕೂರುತ್ತಾರೆ. ಆ ಸಭೆಯ ದಿನ ಕಾರಟಗಿಯ ಗೊಬ್ಬರದಂಗಡಿಯಿಂದ ಹಿಡಿದು ಟ್ರ್ಯಾಕ್ಟರ್ ಶೋರೂಮಿನವರೆಗೆ ಎಲ್ಲರ ಕಿವಿಯೂ ಅತ್ತಲೇ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಸುಮ್ನೆ ಹೊಳೆಗೆ ಹರಿಯಿತು. ವಾರದೊಳಗೆ ನೀರು ಹರಿಯುತ್ತಿರುವಾಗಲೇ ತಾತ್ಕಾಲಿಕ ಗೇಟು ಇಳಿಸಿದರು, ಆ ಕೆಲಸದ ಮುಂದಾಳು ಕನ್ನಯ್ಯ ನಾಯ್ಡು ಅವರು. ಆ ವಾರ ಟಿವಿ ಮುಂದೆ ಕೂತು ಗೇಟು ಇಳಿಯುವುದನ್ನು ನೋಡಿದಷ್ಟು ಉಸಿರು ಬಿಗಿಹಿಡಿದು ಕ್ರಿಕೆಟ್ಟನ್ನೂ ನೋಡಿರಲಿಲ್ಲ ಈ ಸೀಮೆಯ ಜನ.

ಇನ್ನೊಂದು ಸಂಗತಿ, ವಿಜಯನಗರದ ಕಾಲದ ಕಾಲುವೆಗಳು ಈಗಲೂ ಹರಿಯುತ್ತಿವೆ. ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳು. ಐದಾರು ನೂರು ವರ್ಷದ ಹಿಂದಿನವು. ಅವುಗಳ ಕೆಳಗಿನ ಬಾಳೆ ತೋಟ ನೋಡಿದರೆ ಕಾಲುವೆಯ ಗೆರೆ ಈ ನೆಲಕ್ಕೆ ಹೊಸದಲ್ಲ ಅಂತ ಗೊತ್ತಾಗುತ್ತದೆ.

ನೀರು ಬಂದ ಕಡೆ ಎಲ್ಲ ಸರಿಹೋಗಿದೆಯೇ? ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲ್ಲು, ಕ್ಷೌರದಂಗಡಿಗೆ ಬಿಟ್ಟುಕೊಳ್ಳದ ವಿಷಯ ಅದರ ಹಿಂದೆ ಇತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಹೈಕೋರ್ಟಿಗೆ ಹೋಗಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಜಾತಿಯ ಗೆರೆ ಕಾಲುವೆಯ ಎರಡೂ ಕಡೆ ಒಂದೇ ಆಳಕ್ಕೆ ಇದೆ.

ಒಣ ಕಡೆಯ ಜನ

ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ, ಅದೂ ಬೇಕಾದಾಗ ಬರುವುದಿಲ್ಲ. ಯಲಬುರ್ಗಾ, ಕುಕನೂರಿನ ಎರೆಯಲ್ಲಿ ಹೆಸರು, ಬಿಳಿಜೋಳ, ಕಡಲೆ. ಕುಷ್ಟಗಿಯ ಮಸಾರಿಯಲ್ಲಿ ಸಜ್ಜೆ, ಶೇಂಗಾ, ಮೆಕ್ಕೆಜೋಳ, ತೊಗರಿ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕು ಅಂತ ಗುರುತಿಸಿದ್ದರಲ್ಲಿ ಈ ಜಿಲ್ಲೆಯವು ಕುಷ್ಟಗಿ ಮತ್ತು ಯಲಬುರ್ಗಾ, ಕಾಲುವೆ ಮುಟ್ಟದ ಎರಡೂ. ಸುಗ್ಗಿ ಮುಗಿದರೆ ಗುಳೆ. ಮಕ್ಕಳನ್ನು ಅಜ್ಜಿ ಬಳಿ ಬಿಟ್ಟು ಗೋವಾಕ್ಕೋ, ಮಂಗಳೂರಿಗೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುತ್ತಾರೆ. ಕೃಷ್ಣೆಯಿಂದ ನೀರೆತ್ತುವ ಕೊಪ್ಪಳ ಏತ ನೀರಾವರಿ ಬರುತ್ತದೆ ಬರುತ್ತದೆ ಅಂತ ಒಂದು ತಲೆಮಾರು ಕೇಳಿಕೊಂಡೇ ಬೆಳೆದಿದೆ.

ಆದರೆ ಈ ಒಣ ಕಡೆಯನ್ನು ಬರೀ ಬಡತನದ ಕಣ್ಣಿನಿಂದ ನೋಡಿದರೆ ಅನ್ಯಾಯವಾಗುತ್ತದೆ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳಿವೆ. ಹಗುರ ಮರ ಕೆತ್ತಿ, ಹುಣಸೆ ಬೀಜದ ಸರಿಯಲ್ಲಿ ಕಟ್ಟಿಗೆ ಹುಡಿ ಕಲಸಿ ಬಳಿದು, ಬಣ್ಣ ಹಚ್ಚಿದ ಗೊಂಬೆ, ದೇವರ ಮೂರ್ತಿ ಮಾಡುತ್ತಾರೆ. ಗರುಡನೂ ಗೌರಮ್ಮನೂ ಒಂದೇ ಕಪಾಟಿನಲ್ಲಿ ಒಣಗುತ್ತಿರುತ್ತಾರೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಹಣ್ಣು ಹಣ್ಣು ಮುದುಕಿಯಾಗಿ, ತೊಂಬತ್ತು ದಾಟಿದ ಮೇಲೆ, 2025ರಲ್ಲಿ ತೊಗಲು ಗೊಂಬೆಯಾಟಕ್ಕೆ ಪದ್ಮಶ್ರೀ ಪಡೆದರು. ಭಾಗ್ಯನಗರದಲ್ಲಿ ಸೀರೆ ನೇಯುವವರೂ ಇದ್ದಾರೆ, ತಲೆಗೂದಲು ಕೊಂಡು ಬಿಡಿಸಿ, ಸಾಲು ಮಾಡಿ ಹೊರದೇಶಕ್ಕೆ ಕಳಿಸುವ ದಂಧೆಯೂ ಇದೆ. ಬೀದಿಯಲ್ಲಿ ಕೂದಲು ಕೊಟ್ಟರೆ ಪಾತ್ರೆ ಕೊಡುವವರು ಬರುತ್ತಿದ್ದರಲ್ಲ, ಆ ಕೂದಲು ಹೋಗುವುದು ಇಂಥ ಊರುಗಳಿಗೆ.

ಎರಡೂ ಕಡೆಯ ಜನ ಒಂದಾಗುವ ಜಾಗ ಅಂದರೆ ಜನವರಿಯ ಗವಿಸಿದ್ಧೇಶ್ವರ ಜಾತ್ರೆ. ಒಣ ಕಡೆಯ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರುಗಟ್ಟಲೆ ಬರುತ್ತದೆ, ಕಾಲುವೆ ಕಡೆಯಿಂದ ಅಕ್ಕಿ. ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಈ ಮಠಕ್ಕೆ ಇರುವ ಮಾತಿನ ತೂಕ ಯಾವ ಕಚೇರಿಗೂ ಇಲ್ಲ. 2019ರಲ್ಲಿ ಈಗಿನ ಸ್ವಾಮಿಗಳು ಹಿರೇಹಳ್ಳಕ್ಕೆ ಇಳಿದು ನಿಂತಾಗ ಜನ ಜೆಸಿಬಿ, ಡೀಸೆಲ್, ರೊಟ್ಟಿ ತಂದು ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ ಹಳ್ಳ ಸ್ವಚ್ಛ ಮಾಡಿದರು. 2025ರ ಫೆಬ್ರವರಿಯಲ್ಲಿ ಊರಿಗೆ ಅಂಟಿಕೊಂಡು ಉಕ್ಕಿನ ಕಾರ್ಖಾನೆ ದೊಡ್ಡದಾಗುವುದು ಬೇಡ ಅಂತ ಕೊಪ್ಪಳ ಬಂದ್ ಆದಾಗಲೂ ಜನ ನೆರೆದದ್ದು ಅವರ ಮಾತು ಕೇಳಲು. ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ಕಪ್ಪು ಧೂಳು ಕಾಲುವೆ ಕಡೆಯದು, ಒಣ ಕಡೆಯದು ಅಂತ ಭೇದ ಮಾಡುವುದಿಲ್ಲ. ಅಲ್ಲಿ ಕೆಲಸ ಸಿಕ್ಕ ಹುಡುಗರೂ ಇದ್ದಾರೆ, ಅವರ ಮನೆಯ ಅಂಗಳದಲ್ಲೇ ಆ ಧೂಳೂ ಬೀಳುತ್ತದೆ.

2025ರಲ್ಲಿ ಕುಷ್ಟಗಿಗೆ ಮೊದಲ ಸಲ ರೈಲು ಬಂತು. ಮುದುಕರೂ ಮಕ್ಕಳೂ ಹಳಿ ಪಕ್ಕ ನಿಂತು ನೋಡಿದರು. ಜಿಲ್ಲೆಯ ಗೆರೆ ಪ್ರಕಾರ ಈ ಊರಿನ ಮುಖ ಕೊಪ್ಪಳದ ಕಡೆ, ವಿಭಾಗದ ಗೆರೆ ಪ್ರಕಾರ ಕಲಬುರಗಿಯ ಕಡೆ, ಹಳೇ ಗೆರೆ ಪ್ರಕಾರ ರಾಯಚೂರು, ಹೈದರಾಬಾದಿನ ಕಡೆ ಇರಬೇಕಿತ್ತು. ರೈಲಿನ ಮುಂದೆ ಹಾಕಿದ ಬೋರ್ಡು ಮಾತ್ರ ಹುಬ್ಬಳ್ಳಿಯದ್ದು. ದವಾಖಾನೆಗೆ, ಮದುವೆ ಜವಳಿಗೆ ಇಲ್ಲಿನವರು ಮೊದಲಿಂದಲೂ ಹೋಗುತ್ತಿದ್ದದ್ದು ಅಲ್ಲಿಗೇ.